ಎಲ್ಲಾ ಪತ್ರಕ್ಕೂ ‘ಶ್ರೀ’

ರಾಣೆಬೆನ್ನೂರಿನ ನಮ್ಮ ಬೀಜದ ಕಂಪನಿಯಲ್ಲಿ ಕಂಪ್ಯೂಟರ್ ಬಲ್ಲವನೆಂದರೆ ನಾನೊಬ್ಬನೇ. ಹಾಗಂತ ಹೇಳಿಕೊಂಡು ತಿರುಗುತ್ತಿದ್ದವನೂ ನಾನೊಬ್ಬನೇ. ಈಮೇಲು ಹುಡುಕುವ ‘ಫ್ರಮ್’, ‘ಸಬ್ಜೆಕ್ಟ್’, ‘ಆಫ್ಟರ್’, ‘ಹ್ಯಾಸ್ ಅಟ್ಯಾಚ್‌ಮೆಂಟ್’ ಎಂಬ ಸಂಕೇತಗಳನ್ನೆಲ್ಲ ಚುಕ್ಕಿ ಸಮೇತ ಬರೆದು ಗೋಡೆಗೆ ಅಂಟಿಸಿದ್ದೆ. ಯಾರೂ ತಿರುಗಿ ನೋಡಲಿಲ್ಲ. ಇವರಿಗೆ ತಲೆಯಿಲ್ಲ ಅಂತ ತೀರ್ಮಾನಿಸಿಬಿಟ್ಟೆ.

ಮೇಡ್ಲೇರಿಯ ಅಕ್ಕ ಒಬ್ಬರು ನಮಗೆ ಟೊಮೆಟೊ ಬೀಜ ಬೆಳೆದುಕೊಡುತ್ತಿದ್ದರು. ಅವರ ಬೀಜದ ಮೊಳಕೆ ಪರೀಕ್ಷೆಯ ವರದಿ ಹಾವೇರಿಯ ಲ್ಯಾಬಿನಿಂದ ಈಮೇಲಿನಲ್ಲಿ ಬರಬೇಕಿತ್ತು. ಗಡುವಿನೊಳಗೆ ಬರದಿದ್ದರೆ ಅಷ್ಟೂ ಬೀಜ ತಿಪ್ಪೆಗೆ. ಅವರು ಎರಡು ಸಲ ಬಸ್ಸು ಹಿಡಿದು ಬಂದಾಗಲೂ ಹುಡುಕಿದಂತೆ ಮಾಡಿ “ಬಂದಿಲ್ಲ” ಅಂದಿದ್ದೆ. ಮೂರನೆಯ ಸಲ, ಗಡುವಿನ ಕಡೆಯ ದಿನ, ಅವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಗತ್ತಿನಿಂದ ಸಬ್ಜೆಕ್ಟಿನಲ್ಲಿ ‘ರಿಪೋರ್ಟ್’ ಹುಡುಕಿದೆ. ಒಂದೂ ಇಲ್ಲ. ನಮ್ಮ ಕಡೆ ಕಾಗದದ ನೆತ್ತಿಗೆ ‘ಶ್ರೀ’ ಬರೆಯದೆ ಯಾರೂ ಶುರುಮಾಡುವುದಿಲ್ಲ. ಸಬ್ಜೆಕ್ಟಿನ ಖಾನೆ ಮೇಲಿರುತ್ತದಲ್ಲ, ಲ್ಯಾಬಿನವರಿಂದ ಏಜೆಂಟರವರೆಗೆ ಎಲ್ಲರೂ ಅಲ್ಲಿ ಶ್ರೀ ಎಂದಷ್ಟೇ ಹಾಕಿ ಕಳಿಸುತ್ತಿದ್ದರು. ಹಾಗೆ ಕಲಿಸಿದ ಮಹಾಶಯನೂ ನಾನೇ.

“ಗುರುತು ಮಾಡಿರಂಗಿಲ್ಲೇನ್ರಿ?” ಅಂದರು ಅಕ್ಕ. “ನಾವು ಕೈಯಿಂದ ಪರಾಗ ಮುಟ್ಟಿಸಿ ಕ್ರಾಸ್ ಮಾಡಿದ ಹೂವಿನ ಬುಡದ ಹಸಿರು ಎಸಳು ಕತ್ತರಿಸಿರ್ತೇವಿ. ಹಣ್ಣು ಹರಿಯೂ ಮುಂದ ಅದನ್ನಷ್ಟ ನೋಡೋದು. ನಿಮ್ಮ ಪತ್ರಕ್ಕ ಏನು ಗುರುತೈತಿ? ಯಾರು ಕಳಿಸ್ಯಾರ? ಯಾವಾಗ? ಅದರ ಜೋಡಿ ಏನರ ಐತೇನು?”

ಲ್ಯಾಬಿನವರು, ಯುಗಾದಿ ಆದಮೇಲೆ, ಜೊತೆಗೊಂದು ಫೈಲು. ಇದೇ ಮೂರು ಪ್ರಶ್ನೆ ಗೋಡೆಯ ಮೇಲೂ ಇದ್ದವು. ಮನುಷ್ಯರು ಕೇಳುವ ಹಾಗೆ ಬರೆಯಬೇಕೆಂದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ. ಮೂರನ್ನೂ ಸೇರಿಸಿ ಹುಡುಕುವ ಖಾನೆಯಲ್ಲಿ ಹೊಡೆದೆ. ಒಂದೇ ಪತ್ರ ಉಳಿಯಿತು. ಅದರ ಫೈಲು ತೆರೆದು ಓದಿದೆ.

“ಪಾಸಾಗೇತಿ ಅಕ್ಕಾರ!” ಅಂದೆ. ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆಮೇಲೆ ಕೈ ತೆಗೆದು ಕೇಳಿದರು, “ಯಾವಾಗ ಬಂದಿತ್ರಿ ಇದು?”

ಹುಡುಕಿ ಸಿಕ್ಕಾಗಲೇ ಆ ಪತ್ರಕ್ಕೆ ಹಿಂದೊಮ್ಮೆ ತೆರೆದು ನೋಡಿದ ಗುರುತಿತ್ತು. ಆಫೀಸಿನಲ್ಲಿ ಪತ್ರ ತೆರೆಯುವವನು ನಾನೊಬ್ಬನೇ. ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. “ಹತ್ತು ದಿನ ಆತ್ರಿ. ಶ್ರೀ ಅಂತಿತ್ತು, ತೆಗೆದು ಓದದ ಮುಚ್ಚೇನಿ,” ಅಂದೆ.

ಅವರು ದನಿ ಏರಿಸಲಿಲ್ಲ. “ಹತ್ತು ದಿನ ನಾ ನಿದ್ದಿ ಮಾಡಿಲ್ರಿ ಸರ,” ಅಂದರು.