ಅಣ್ಣ ಮುಚ್ಚಿದ ಗುಂಡಿ

ಫ್ರಾನ್ಸಿನ ಹಳ್ಳಿಗಳಲ್ಲಿ ಗಂಡ ಹೆಂಡತಿ ಸೈಕಲ್ ಹೊಡೆಯುವ ವಿಡಿಯೋ ಒಂದನ್ನು ನಾನು ಆ ತಿಂಗಳು ದಿನವೂ ನೋಡುತ್ತಿದ್ದೆ. ದ್ರಾಕ್ಷಿ ತೋಟ, ಕಲ್ಲಿನ ಸೇತುವೆ, ಗುಡ್ಡದ ಮೇಲೊಂದು ಹಳೆಯ ಕೋಟೆ, ಕೋಟೆಯ ಕೆಳಗೆ ಕೂತು ಬ್ರೆಡ್ಡು ತಿನ್ನುವುದು. ಅಷ್ಟೇ. ಅವರು ಆಡುವ ಮಾತು ಒಂದಕ್ಷರ ತಿಳಿಯುತ್ತಿರಲಿಲ್ಲ. ತಿಳಿಯದೇ ಇದ್ದದ್ದೇ ಹಿತವಾಗಿತ್ತು. ನಮ್ಮ ಮನೆಯಲ್ಲಿ ಆಗ ತಿಳಿಯುವ ಮಾತನ್ನು ಯಾರೂ ಆಡುತ್ತಿರಲಿಲ್ಲ.

ಅಣ್ಣನ ಮಗು ಹುಟ್ಟಿದ ಮೂರನೇ ದಿನ ದುರ್ಗದ ಆಸ್ಪತ್ರೆಯಲ್ಲಿ ತೀರಿಕೊಂಡಿತ್ತು. ಹೆಣ್ಣು ಮಗು. ಅತ್ತಿಗೆ ಇನ್ನೂ ಆಸ್ಪತ್ರೆಯ ಮಂಚದ ಮೇಲಿದ್ದಾಗಲೇ ಅಣ್ಣ ಮತ್ತು ಚಿಕ್ಕಪ್ಪ ಅದನ್ನು ತುರುವನೂರು ಕಡೆಯ ನಮ್ಮ ಹೊಲಕ್ಕೆ ಒಯ್ದು ಮಣ್ಣು ಮಾಡಿ ಬಂದರು. ಅಷ್ಟು ಸಣ್ಣ ಮಗುವನ್ನು ಎಲ್ಲಿಟ್ಟೆವು ಅಂತ ತಾಯಿಗೆ ತೋರಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಮೇಲೆ ಒಂದಿಷ್ಟು ಮುಳ್ಳು ಹಾಕುತ್ತಾರೆ ಅಷ್ಟೇ, ಕಲ್ಲು ನೆಡುವುದಿಲ್ಲ, ಗುರುತು ಇಡುವುದಿಲ್ಲ. "ತೋರಿಸಿದ್ರೆ ಅಲ್ಲೇ ಹೋಗಿ ಕುಂತ್ಕಂತಾಳೆ," ಅಂದಿದ್ದರು ಚಿಕ್ಕಪ್ಪ. ಅಣ್ಣ ತೋರಿಸಲಿಲ್ಲ. ಅದರ ಜೊತೆಗೆ ಮಾತನ್ನೂ ಬಿಟ್ಟ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಅವನು, ಅವನ 'ಸಾವಧಾನ್' ಕೇಳಿದರೆ ಮೈದಾನದ ಆಚೆ ರಸ್ತೆಯಲ್ಲಿ ಹೋಗುವ ಎತ್ತೂ ನಿಲ್ಲುತ್ತಿತ್ತು. ಈಗ ಏನು ಕೇಳಿದರೂ 'ಹೂಂ' ಒಂದೇ.

ಇನ್ನು ನಾನು. ಆರ್ಕೆಸ್ಟ್ರಾದಲ್ಲಿ ಹಾಡುವವರು ನೀರು ಕುಡಿದು ಬರುವಷ್ಟು ಹೊತ್ತು ಮಿಮಿಕ್ರಿ ಮಾಡಿ ಜನರನ್ನು ಕೂರಿಸಿಕೊಳ್ಳುವವನು. ಕಂಡಕ್ಟರು, ಕುಕ್ಕರು, ಭಾಷಣಕಾರರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನ್ನದು ಅಂತ ಒಂದು ದನಿ ಇದೆಯೋ ಇಲ್ಲವೋ ಯಾರೂ ವಿಚಾರಿಸಿಲ್ಲ. ಆ ದಿನಗಳಲ್ಲೂ ನನ್ನ ಬಾಯಿ ನಿಂತಿರಲಿಲ್ಲ. ಒಳಗೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ. ಮೋಟರು ಆಫ್ ಮಾಡಿದ ಮೇಲೂ ಪೈಪಿನಲ್ಲಿ ಸ್ವಲ್ಪ ಹೊತ್ತು ನೀರು ಬರುತ್ತದಲ್ಲ, ಹಾಗೆ ಮಾತು ಬರುತ್ತಿತ್ತು.

ಅತ್ತಿಗೆ ರೊಟ್ಟಿ ತಟ್ಟುತ್ತಾ ಒಂದು ದಿನ ನನ್ನನ್ನು ಕರೆದರು.

"ನಿಮ್ಮಣ್ಣನ್ನ ಎಲ್ಲಿಗಾರ ಕರ್ಕಂಡ್ ಹೋಗಪ್ಪ."

"ಫ್ರಾನ್ಸಿಗೆ ಕರ್ಕಂಡ್ ಹೋಗ್ಲಾ?"

ಅವರು ನಗಲಿಲ್ಲ. "ಎಲ್ಲಿಗಾರ. ಮಗೂನ ಎಲ್ಲಿ ಇಟ್ರು ಅಂತ ಕೇಳ್ಕಂಡ್ ಬಾ. ಎಲ್ರ ಬಾಯಾಗಿನ ಮಾತೂ ಕಿತ್ಕಂತೀಯಲ್ಲ, ಇದೊಂದು ಕಿತ್ಕಂಡ್ ಬಾ."

"ನೀವೇ ಕೇಳಿ ಅತ್ತಿಗೆ."

"ಕೇಳೀನಿ. ಹೂಂ ಅಂತಾರೆ."

ಹೀಗೆ ನಮ್ಮ ಫ್ರಾನ್ಸ್ ಪ್ರವಾಸ ಹೊರಟಿತು. ದುರ್ಗದಿಂದ ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗ, ಅಲ್ಲಿಂದ ಹಿರಿಯೂರು, ತಿರುಗಿ ದುರ್ಗ. ಗೇರಿನ ಸೈಕಲ್ಲು, ಹೆಲ್ಮೆಟ್ಟು, ಬೆರಳಿಲ್ಲದ ಗ್ಲೌಸು ಎಲ್ಲ ಗೆಳೆಯರ ಹತ್ತಿರ ಎರವಲು ತಂದದ್ದು. ಬಿಸಿಲಿಗೆ ಶರಬತ್ತು ಮಾಡಿಕೊಳ್ಳಲು ಉಪ್ಪು, ನಿಂಬೆಹಣ್ಣು ಬ್ಯಾಗಿಗೆ ತುಂಬಿಕೊಂಡೆ. ಹೆಲ್ಮೆಟ್ಟು ಹಾಕಿಕೊಂಡು ಕನ್ನಡಿ ನೋಡಿದರೆ ಕಲ್ಲಂಗಡಿ ಹೋಳಿನ ಕೆಳಗೆ ಎರಡು ಕಿವಿ ಕಂಡವು.

ಅಣ್ಣ ಬೇಡ ಅನ್ನಲಿಲ್ಲ. ಬೇಡ ಅನ್ನಲೂ ಮಾತಾಡಬೇಕಾಗುತ್ತದೆ.

ಊರು ದಾಟುತ್ತಲೇ ನಾನು ವಿಡಿಯೋದವರ ಹಾಗೆ ಮೂಗಿನಿಂದ ಶುರು ಮಾಡಿದೆ. ನನಗೆ ಬರುವ ಫ್ರೆಂಚು ಮೂಗಿನದು ಮಾತ್ರ, ಪದಗಳೆಲ್ಲ ನಮ್ಮವೇ. "ಎಡಗಡೆ ನೋಡಿ, ಗಾಳಿಯಂತ್ರಾಂ. ಬಲಗಡೆ ಮೆಕ್ಕೆಜೋಳಾಂ. ಹಿಂದೆ ಗುಡ್ಡದ ಮೇಲೆ ಭಾರೀ ಕೋಟೇಯಾಂ." ಅಣ್ಣ ತುಳಿಯುತ್ತಿದ್ದ. ಭೀಮಸಮುದ್ರದ ಚಹಾ ಅಂಗಡಿಯವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ.

"ಏನಪ್ಪ, ಬೈಕಿಗೆ ಪೆಟ್ರೋಲ್ ಇಲ್ವಾ?"

"ಕೆಲ್ಸ ಇಲ್ಲಣ್ಣ."

"ಹಂಗಾರೆ ತುಳೀರಿ. ಚಾ ಎಷ್ಟು?"

ಊರಾಚೆ ಅವನ ದನಿಯನ್ನೂ ತೆಗೆದು ತೋರಿಸಿದೆ. "ಹೂಂ," ಅಂದ ಅಣ್ಣ.

ಹೊಳಲ್ಕೆರೆ ಹತ್ತಿರ ಬಂದಾಗ ಬೇರೆ ಉಪಾಯ ಹೂಡಿದೆ. ಚಿಕ್ಕಪ್ಪನ ಕೆಮ್ಮು ಕೆಮ್ಮಿ, ಅವರದೇ ದನಿಯಲ್ಲಿ, "ಲೇ, ಹೊಲದ ಕಡೆ ಹೋಗಿದ್ದಾ? ಆ ಜಾಗದ ಮೇಲೆ ಹಾಕಿದ ಮುಳ್ಳು ಐತೋ ಇಲ್ವೋ?" ಅಂದೆ. ಜನ ಇದಕ್ಕಿಂತ ಕೆಟ್ಟ ಮಿಮಿಕ್ರಿಗೂ ಚಪ್ಪಾಳೆ ತಟ್ಟಿದ್ದಾರೆ. ಅಣ್ಣ ಗೇರು ಬದಲಾಯಿಸಿ ಮುಂದೆ ಹೋದ. ನಾನು ಹಿಂದಿನಿಂದ ಅವನ ಬೆನ್ನು ನೋಡುತ್ತಾ ತುಳಿದೆ. ಕೇಳಲು ಬಂದ ಪ್ರಶ್ನೆ ಒಂದೇ. ಹೊಸದುರ್ಗ ಮುಟ್ಟುವ ತನಕ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿದೆ.

ಅಲ್ಲಿನ ಲಾಡ್ಜಿನಲ್ಲಿ ಮಲಗಿ, ಮರುದಿನ ಬೆಳಗ್ಗೆ ಹಿರಿಯೂರಿನ ದಾರಿ ಹಿಡಿದೆವು. ಒಂದು ಬತ್ತಿದ ಕೆರೆಯ ಏರಿಯ ಪಕ್ಕ ಚಾವಣಿ ಅರ್ಧ ಬಿದ್ದ ಕಲ್ಲಿನ ಮಂಟಪ ಕಾಣಿಸಿತು. ಅದರ ಮುಂದೆ ಸಾಲಾಗಿ ವೀರಗಲ್ಲುಗಳು. ಒಂದು ಕಲ್ಲಿನಲ್ಲಿ ಕತ್ತಿ ಹಿಡಿದವನ ಮುಖ ಸವೆದುಹೋಗಿ ಮೀಸೆ ಮಾತ್ರ ಉಳಿದಿತ್ತು. ನಾನು ಫೋನು ತೆಗೆದು ಅವನ ಪಕ್ಕ ಅದೇ ಭಂಗಿಯಲ್ಲಿ ನಿಂತು, ಮೂಗಿನಲ್ಲಿ ವರದಿ ಒಪ್ಪಿಸತೊಡಗಿದೆ. ಕೊನೆಯ ಕಲ್ಲಿನ ಬುಡದಲ್ಲಿ ಯಾರೋ ನಿಧಿಯ ಆಸೆಗೆ ಹೊಸದಾಗಿ ಗುಂಡಿ ತೋಡಿದ್ದರು. ಮಣ್ಣು ಇನ್ನೂ ಹಸಿಯಾಗಿತ್ತು. ಗುಂಡಿಯ ಅಂಚಿನಲ್ಲಿ ಕುಂಕುಮ, ಕೊಯ್ದ ನಿಂಬೆಹಣ್ಣು.

ವಿಡಿಯೋ ಮುಗಿಸಿ ತಿರುಗಿದರೆ ಅಣ್ಣ ಗುಂಡಿಯ ಪಕ್ಕ ಮಂಡಿಯೂರಿ ಕೂತಿದ್ದ. ಗ್ಲೌಸು ಬಿಚ್ಚಿಟ್ಟು, ಎರಡೂ ಕೈಯಿಂದ ಮಣ್ಣನ್ನು ಒಳಗೆ ತಳ್ಳುತ್ತಿದ್ದ. ಅವಸರವಿರಲಿಲ್ಲ.

"ಅಣ್ಣ, ಏನ್ ಮಾಡ್ತಿದೀಯ?"

"ಹೂಂ."

ಅಷ್ಟರಲ್ಲಿ ಏರಿಯ ಮೇಲೆ ಬೈಕು ನಿಂತಿತು. ಹೊಲಕ್ಕೆ ಹೊರಟಿದ್ದ ಒಬ್ಬ ಗಡ್ಡದವನು, ಹಿಂದೆ ಕುಡುಗೋಲು ಹಿಡಿದು ಕೂತ ಅವನ ತಾಯಿ. ಅವನು ನಮ್ಮನ್ನು ನೋಡಿದ, ಗುಂಡಿಯನ್ನು ನೋಡಿದ, ಅಣ್ಣನ ಮೊಣಕೈವರೆಗಿನ ಮಣ್ಣನ್ನು ನೋಡಿದ.

"ಹಗಲೊತ್ತೇ ಬಂದ್ಬಿಟ್ರಾ? ಸಿಕ್ತಾ ನಿಧಿ?"

"ಇಲ್ಲಣ್ಣ, ನಾವು ಟೂರು," ಅಂದೆ.

"ಈ ಹಾಳು ಮಂಟಪಕ್ಕೆ ಟೂರಾ? ಬ್ಯಾಗ್ ತೆಗಿ."

ತೆಗೆದೆ. ಮೊದಲು ಹೊರಗೆ ಬಂದದ್ದು ನಿಂಬೆಹಣ್ಣು. ಆಮೇಲೆ ಉಪ್ಪು. ಅವನು ತಾಯಿಯ ಮುಖ ನೋಡಿದ. ಆಕೆ ತಲೆಯಾಡಿಸಿದರು.

"ಶರಬತ್ತಿಗೆ," ಅಂದೆ.

"ಗುಂಡಿ ಹತ್ರ ಇರೋದೂ ಶರಬತ್ತಿಗೇನಾ? ಇದೇನಿದು, ಚಿನ್ನ ತೋರ್ಸೋ ಮಿಷನ್ನಾ?"

"ಗಾಳಿ ಹೊಡೆಯೋ ಪಂಪು."

ಆಗ ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವ ಕಲೆ ಒಂದು ಬಿಟ್ಟು ಎಲ್ಲ ಕಲಿತಿದ್ದೇನೆ. ಎದೆ ಉಬ್ಬಿಸಿ, ಇನ್‌ಸ್ಪೆಕ್ಟರ್ ದನಿಯಲ್ಲಿ, "ನೋಡ್ರಿ ಮಿಸ್ಟರ್, ನಾವೇ ಇದರ ತನಿಖೆಗೆ ಬಂದಿರೋದು," ಅಂದೆ. ಕಲ್ಲಂಗಡಿ ಹೋಳು ಹೊತ್ತ ಇನ್‌ಸ್ಪೆಕ್ಟರ್. ಅವನು ಫೋನು ಹೊರತೆಗೆದ.

"ಊರಿಂದ ಹುಡುಗ್ರನ್ನ ಕರೀತೀನಿ, ತಡೀರಿ. ಅವರ ಮುಂದೆ ಮಾಡು ತನಿಖೆ." ಆಮೇಲೆ ಅಣ್ಣನ ಕಡೆ ತಿರುಗಿದ. "ನೀವ್ ಹೇಳ್ರಿ, ನೀವು ದೊಡ್ಡೋರಂಗೆ ಕಾಣ್ತೀರ. ಗುಂಡಿ ಯಾಕ್ ಮುಚ್ತಿದ್ರಿ? ಏನ್ ಹಾಕೀರಿ ಒಳಗೆ?"

"ಏನೂ ಇಲ್ಲ," ಅಂದ ಅಣ್ಣ. ಬಹಳ ದಿನದ ಮೇಲೆ ಕೇಳಿದ ದನಿ. ಒಡೆದಿತ್ತು. "ಬಾಯಿ ತೆರ್ಕಂಡಿತ್ತು. ನಾಯಿ ಬರ್ತವೆ."

"ಬರೀ ಗುಂಡಿಗೆ ನಾಯಿ ಯಾಕ್ರೀ ಬರ್ತವೆ?"

ಅಣ್ಣ ಕೈಯ ಮಣ್ಣು ಒರೆಸಿಕೊಳ್ಳಲಿಲ್ಲ. "ನಮ್ ಹೊಲ್ದಾಗೆ ಮಗು ಇಟ್ಟೀನಿ. ಮೇಲೆ ಮುಳ್ಳು ಹಾಕಿ ಬಂದಿದ್ದೆ. ಹೋಗಿ ನೋಡಿಲ್ಲ. ಐತೋ, ನಾಯಿ ಎಳೆದಾವೋ ಗೊತ್ತಿಲ್ಲ."

ಗಡ್ಡದವನು ಫೋನು ಕೆಳಗಿಳಿಸಿದ. ಅವನ ತಾಯಿ ಬೈಕಿನಿಂದ ಇಳಿದು ಹತ್ತಿರ ಬಂದರು.

"ಹೆಣ್ಣೋ ಗಂಡೋ?"

"ಹೆಣ್ಣು."

"ತಾಯಿ ನೋಡೈತಾ ಆ ಜಾಗ?"

"ಇಲ್ಲ. ತೋರಿಸಬಾರ್ದು ಅಂದ್ರು."

"ನಂಗೂ ತೋರಿಸ್ಲಿಲ್ಲ. ಇವನಿಗಿಂತ ಮುಂಚಿಂದು." ಮಗನನ್ನು ಕುಡುಗೋಲಿನಿಂದ ತೋರಿಸಿದರು. "ಕಳೆ ಕೀಳಾಕೆ ಹೋದ್ರೆ ಎಲ್ಲಿ ಕಾಲಿಡ್ಲಿ ಅಂತ ತಿಳೀತಿರ್ಲಿಲ್ಲ. ಎಲ್ಲಿ ಇಟ್ರೂ ಅಲ್ಲೇ ಇರ್ಬೋದು ಅನ್ಸೋದು. ಆ ಹೊಲಕ್ಕೆ ಹೋಗದೇ ಬಿಟ್ಟೆ. ಇವರಪ್ಪ, ಮೈಗಳ್ಳಿ ಅಂತಿದ್ದ."

ಮಗ ತಾಯಿಯನ್ನು ನೋಡಿದ. ಈ ಮಾತು ಅವನಿಗೂ ಹೊಸದಿರಬೇಕು. ಆಮೇಲೆ ಆಕೆ ಅಂಚಿನಲ್ಲಿ ಉಳಿದಿದ್ದ ಮಣ್ಣನ್ನು ಕಾಲಿನಿಂದ ಒಳಗೆ ನೂಕಿದರು. ಮಗನೂ ಬಂದು ನೂಕಿದ. ಗುಂಡಿ ತುಂಬಿತು. ನನಗೆ ಅಳು ಬರಬೇಕಿತ್ತೇನೋ. ಬರಲಿಲ್ಲ. ಅಂಗಾಲಿನಲ್ಲಿ ಜೋಮು ಹಿಡಿದಿತ್ತು, ಅಷ್ಟೇ ಗೊತ್ತಾಗುತ್ತಿತ್ತು.

ಹೊರಡುವಾಗ ಗಡ್ಡದವನು ನಿಂಬೆಹಣ್ಣು ವಾಪಸ್ ಬ್ಯಾಗಿಗೆ ಹಾಕಿದ. ಆದರೂ ಇಬ್ಬರ ಆಧಾರ್ ಕಾರ್ಡಿನದೂ ಒಂದೊಂದು ಫೋಟೋ ಹೊಡೆದುಕೊಂಡ. "ಬೇಜಾರ್ ಮಾಡ್ಕಬೇಡ್ರಿ. ಯಾವುದಕ್ಕೂ ಇರ್ಲಿ," ಅಂದ. ನನ್ನ ಕಾರ್ಡಿನ ಫೋಟೋ ನೋಡಿ, "ಇದ್ನ ನೋಡಿದ್ರೆ ನೀನೇ ಕಳ್ಳ," ಅಂದ. ಅದನ್ನು ನಾನೂ ಒಪ್ಪಿದೆ.

ಮಾರಿಕಣಿವೆಯ ಗುಡ್ಡಗಳು ಕಾಣುವ ಹೊತ್ತಿಗೆ ಅಣ್ಣ ಸೈಕಲ್ ನಿಲ್ಲಿಸಿದ. ಒಂದು ಹುಣಸೆ ಮರದ ನೆರಳು. "ಫೋನ್ ಕೊಡು," ಅಂದ. ಬೆರಳಲ್ಲಿ ಮಣ್ಣು ಇದ್ದದ್ದರಿಂದ ನಾನೇ ಅತ್ತಿಗೆಗೆ ಫೋನ್ ಮಾಡಿ, ಸ್ಪೀಕರ್ ಒತ್ತಿ ಹಿಡಿದೆ.

"ನಾನು," ಅಂದ.

"ಹೂಂ," ಅಂದರು ಅತ್ತಿಗೆ.

"ಬೋರಿನ ಮನೆ ಐತಲ್ಲ. ಅದಕ್ಕೆ ಬೆನ್ನು ಮಾಡಿ ನಿಂತ್ಕಂಡ್ರೆ ಎದುರಿಗೆ ಬೇವಿನ ಗಿಡ. ಗಿಡ ದಾಟಿ ಬದುವಿನ ಮಗ್ಗುಲಿಗೆ. ಅಲ್ಲಿ ನೇಗಿಲು ಹೊಡೆಯಲ್ಲ."

ಆ ಕಡೆ ಪಾತ್ರೆಯ ಸದ್ದು ನಿಂತಿತು.

"ತಲೆ ಯಾವ ಕಡೆಗೈತೆ?"

"ದಕ್ಷಿಣಕ್ಕೆ."

"ಏನ್ ಸುತ್ತಿದ್ರಿ?"

"ಬೀರುವಿನಾಗೆ ಇತ್ತಲ್ಲ, ನಿನ್ನ ಹಸಿರಂಚಿನ ಹತ್ತಿ ಸೀರೆ. ಮೆತ್ತಗಿತ್ತು ಅಂತ ಅದನ್ನೇ ತಗಂಡ್ ಹೋಗಿದ್ದೆ."

"ಅದನ್ನೇ ಹುಡುಕ್ತಿದ್ದೆ," ಅಂದರು ಅತ್ತಿಗೆ. "ಯಾರಿಗಾರ ಕೊಟ್ನೇನೋ ಅನ್ಕಂಡಿದ್ದೆ."

ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ಹೋಯಿತು. ಅದು ದೂರವಾಗುವ ತನಕ ಇಬ್ಬರೂ ಕಾದರು.

"ನೀವು ಬಂದ ಮೇಲೆ ಹೋಗಾಣ," ಅಂದರು ಅತ್ತಿಗೆ.

"ಚಿಕ್ಕಪ್ಪ..."

"ಅವರಿಗೆ ಹೇಳೋದ್ ಬ್ಯಾಡ. ನಾನು, ನೀವು."

"ಹೂಂ," ಅಂದ ಅಣ್ಣ. ಆಮೇಲೆ ಮತ್ತೆ ಬಾಯಿ ತೆರೆದು, "ಹೋಗಾಣ," ಅಂದ.

ನಾನು ಫೋನು ಜೇಬಿಗಿಟ್ಟೆ. ಹಿರಿಯೂರು ಇನ್ನೂ ದೂರವಿತ್ತು, ಬಿಸಿಲು ಏರಿತ್ತು. ಅಣ್ಣ ಬಾಟಲಿ ನೀರಿನಲ್ಲಿ ಕೈ ತೊಳೆದುಕೊಂಡು ಸೈಕಲ್ ಹತ್ತಿದ. ನಾನೂ ಹಿಂದೆ ತುಳಿದೆ.