ಹಸಿರು ಕಂಡಲ್ಲೆಲ್ಲ ಬೋರ್‌ವೆಲ್

ಇವತ್ತು ಬೆಳಿಗ್ಗೆ ಚಟ್ನಿಗೆಂದು ಅಂಗಡಿಯಲ್ಲಿ ತೆಂಗಿನಕಾಯಿ ಕೊಂಡೆ. ತುಮಕೂರಿನವನಿಗೆ ಇದಕ್ಕಿಂತ ಅವಮಾನ ಬೇಕೇ, ನೀವೇ ಹೇಳಿ. ಕೆಲವು ವರ್ಷಗಳ ಹಿಂದಿನವರೆಗೂ ಸಿ.ಎಸ್. ಪುರದ ಹತ್ತಿರದ ಹಳ್ಳಿಯಿಂದ ನಮ್ಮ ಚಿಕ್ಕಮ್ಮ ಚೀಲಗಟ್ಟಲೆ ಕಾಯಿ ಕಳಿಸುತ್ತಿದ್ದಳು. ಅದು ನಿಂತದ್ದು ನಮ್ಮ ಆಫೀಸಿನ ಕೃಪೆಯಿಂದ.

ಆಗ ನಾನು ಅಂತರ್ಜಲದ ಲೆಕ್ಕ ಹಾಕುವ ಕಚೇರಿಯೊಂದರಲ್ಲಿ ನಕ್ಷೆಗಳಿಗೆ ಬಣ್ಣ ತುಂಬುತ್ತಿದ್ದೆ. ರೈತರು ಎಷ್ಟು ನೀರೆತ್ತುತ್ತಾರೆಂದು ತಿಳಿಯಲು ಬಿಸಿಲಿಗೆ ಹೋಗಬೇಕಿರಲಿಲ್ಲ. ಉಪಗ್ರಹದ ಚಿತ್ರ ಎಸಿ ರೂಮಿಗೇ ಬರುತ್ತಿತ್ತು. ನಮ್ಮ ಸಾಹೇಬರ ಸೂತ್ರ ಸರಳ: ಬೇಸಿಗೆಯಲ್ಲಿ ಹಸಿರು ಕಂಡರೆ ಅದು ಬೋರ್‌ವೆಲ್ ನೀರು. ಕುಣಿಗಲ್ ಕಡೆ ಮಾರ್ಕೋನಹಳ್ಳಿ ಕಾಲುವೆಯ ನೀರು ಕುಡಿದ ಗದ್ದೆಗಳನ್ನೂ ಒಮ್ಮೆ ಬೋರ್‌ವೆಲ್ ಖಾತೆಗೆ ಸೇರಿಸಿದ್ದರು. ಜಿಲ್ಲೆಯನ್ನೆಲ್ಲ ಮೌಸ್ ಹಿಡಿದೇ ಸುತ್ತಿದ ಪುಣ್ಯಾತ್ಮರು.

ಆ ವರ್ಷ ಚಿಕ್ಕಮ್ಮನ ಬೋರ್ ಬತ್ತಿತು. ಹೊಸದಕ್ಕೆ ಅನುಮತಿ ಕೇಳಿದರೆ, ನಕ್ಷೆಯಲ್ಲಿ ನಿಮ್ಮೂರು ಕೆಂಪು, ಆಗಲೇ ವಿಪರೀತ ನೀರೆತ್ತಿದ್ದೀರಿ ಎಂದು ವಾಪಸು ಕಳಿಸಿದರು. ನನಗೆ ಫೋನು ಬಂತು.

"ಏನ್ಲಾ, ನಮ್ಮೂರಿಗೆ ಕೆಂಪು ಬಳ್ದೋನು ನೀನೇನಾ? ತೋಟ ಒಣಗ್ತಾ ಐತೆ ಕಣೋ!"

ಉಪಗ್ರಹದ ಚಿತ್ರ ಹಿಡಿದು ಹೋದೆ. ಅದರಲ್ಲಿ ಊರಿಗೆಲ್ಲ ಕಡುಹಸಿರಾಗಿದ್ದ ಜಾಗ ಹುಡುಕುತ್ತ ನಡೆದರೆ ಸಿಕ್ಕಿದ್ದು ಕೆರೆಯಂಗಳ. ಹನಿ ನೀರಿಲ್ಲ, ತುಂಬ ಸೀಮೆಜಾಲಿ ಮುಳ್ಳು, ಆಳೆತ್ತರ ಬೆಳೆದು ನಳನಳಿಸುತ್ತಿದೆ. ನಾವು ಲೆಕ್ಕ ಹಾಕಿದ್ದ ನೀರಾವರಿ ಬೆಳೆ ಅದೇ! ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಅಂಗಿ ಹರಿದುಕೊಂಡು ಫೋಟೋ ತೆಗೆದು, ಮರುದಿನ ಸಾಹೇಬರಿಗೆ ತೋರಿಸಿದೆ.

"ಕೆರೇಲಿ ನೀರಿಲ್ಲ ಅಂತೀರಿ, ಗಿಡ ಹಸಿರಾಗಿದೆ ಅಂತೀರಿ. ಹಾಗಾದ್ರೆ ಬೋರ್‌ವೆಲ್ಲೇ ಅಲ್ವೇನ್ರೀ?" ಎಂದರು. ಮುಳ್ಳಿಗೆ ಯಾರು ಸಾರ್ ಪಂಪ್‌ಸೆಟ್ ಇಡ್ತಾರೆ ಎಂದೆ. "ಮುಂದಿನ ವರ್ಷದ ಲೆಕ್ಕದಲ್ಲಿ ನೋಡೋಣ ಬಿಡಿ."

ನೋಡಿದರು. ಅಷ್ಟರಲ್ಲಿ ಚಿಕ್ಕಮ್ಮನ ತೋಟವೂ ಅಕ್ಕಪಕ್ಕದವರ ತೋಟಗಳೂ ಸುಳಿ ಒಣಗಿ ನಿಂತಿದ್ದವು. ಹಸಿರು ಇಳಿದಿದೆ, ಅಂದರೆ ನೀರೆತ್ತುವುದು ತಗ್ಗಿದೆ, ಊರು ಸುಧಾರಿಸಿದೆ ಎಂದು ಸಾಹೇಬರು ಕೆಂಪು ಅಳಿಸಿ, ಆಫೀಸಿಗೆಲ್ಲ ಮೈಸೂರುಪಾಕು ಹಂಚಿದರು. ನನ್ನ ಪಾಲನ್ನು ನಾನು ತಿನ್ನಲಿಲ್ಲ. ಆ ಕೆಲಸದಲ್ಲಿ ಬಹಳ ದಿನ ಉಳಿಯಲೂ ಇಲ್ಲ.

ಕೆಂಪು ಹೋದರೂ ಅನುಮತಿ ಮಾತ್ರ ಮೇಜಿನಿಂದ ಮೇಜಿಗೆ ತೆವಳುತ್ತಲೇ ಇತ್ತು. ಈಗಷ್ಟೇ ಚಿಕ್ಕಮ್ಮನ ಫೋನು ಬಂತು.

"ಪರ್ಮಿಷನ್ ಬಂದೈತೆ ಕಣ್ಲಾ. ನೀರು ಉಳಿಸಿದ್ರು ಅಂತ ನಮ್ಮೂರ್ನ ಹೊಗಳವ್ರಂತೆ!"

ಅವಳು ನಕ್ಕಳು. ಏನಾದರೂ ಹೇಳಬೇಕಲ್ಲ ಎಂದು, ಬೋರ್ ಯಾವಾಗ ಕೊರೆಸ್ತೀಯಾ ಎಂದೆ.

"ಆಮೇಲೆ ಮಾತಾಡಾನ ಬುಡು. ಮರ ಕಡಿಯೋರು ಬಂದವ್ರೆ."