ವಾಂತಿಯ ಮಾತ್ರೆ, ಕಲೆಯ ಮಾತ್ರೆ

ನಮ್ಮ ಕದ್ರಿಯ ಮನೆಯಲ್ಲಿ ಹೆಂಗಸರ ಮುಟ್ಟು ಗುಟ್ಟಿನ ವಿಷಯವೇ ಆಗಿರಲಿಲ್ಲ. ಮೂರು ದಿನ ಹಿತ್ತಲ ಜಗಲಿಯಲ್ಲಿ ಚಾಪೆ, ಬೇರೆ ಬಟ್ಟಲು, ಅಡುಗೆಮನೆಗೆ ಅತ್ತೆ. ಯಾರು ಯಾವಾಗ ಹೊರಗೆ ಕೂತರು ಎಂಬುದು ಅವರಿಗೆ ಬಾಯಿಪಾಠ. ಅಂಥವರ ಕಣ್ಣಿಗೆ ಮಣ್ಣೆರಚಿ ಮಾತ್ರೆ ನುಂಗಲು ಹೊರಟೆ ನೋಡಿ, ನನ್ನ ಬುದ್ಧಿಗೆ ಏನು ಹೇಳುವುದು!

ಅರುವತ್ತರ ದಶಕದ ಕೊನೆ. ಮೂರನೆಯ ಹೆರಿಗೆಯಲ್ಲಿ ರಕ್ತ ಹೋಗಿ ನಾನು ಬದುಕಿದ್ದೇ ಹೆಚ್ಚು. ಇನ್ನೊಂದು ಹೆತ್ತರೆ ಜೀವ ಉಳಿಯುವುದು ಕಷ್ಟ ಎಂದು ಹಂಪನಕಟ್ಟೆಯ ಡಾಕ್ಟ್ರಮ್ಮ ಹೇಳಿ, ಆಗಷ್ಟೇ ಬಂದಿದ್ದ, ಬಸುರು ತಡೆಯುವ ಮಾತ್ರೆ ಕೊಟ್ಟರು. ಗಂಡನಿಗೆ ಗೊತ್ತಿತ್ತು. ಅತ್ತೆಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಆ ಮಾತ್ರೆಯೋ, ಭಾರೀ ಡೋಸು. ಬೆಳಿಗ್ಗೆ ಎದ್ದರೆ ವಾಂತಿ. ಮುಟ್ಟು ಮೊದಲ ತಿಂಗಳು ಎರಡು ಹನಿ, ಮುಂದಿನ ತಿಂಗಳು ಅದೂ ಇಲ್ಲ. ವಾಂತಿ ಉಂಟು, ಜಗಲಿಯಲ್ಲಿ ಚಾಪೆ ಇಲ್ಲ; ಅತ್ತೆ ಇನ್ನೆಂತ ತಿಳಿದುಕೊಂಡಾರು? ಏನೂ ಕೇಳದೆ ನನ್ನ ಕೈಯ ನೀರಿನ ಕೊಡಪಾನ ತೆಗೆದುಕೊಂಡರು. ಊಟಕ್ಕೆ ಉಪ್ಪಿನಕಾಯಿ ಎರಡೆರಡು ಹೋಳು ಬೀಳತೊಡಗಿತು. ನಾನೂ ನಾಚಿಕೆಯಿಲ್ಲದೆ ತಿಂದೆ.

ಆದರೆ ಒಳಗೊಳಗೆ ಹೆದರಿಕೆ. ಮಾತ್ರೆ ಕೈಕೊಟ್ಟಿತೋ ಎಂದು ಡಾಕ್ಟ್ರಮ್ಮನ ಹತ್ತಿರ ಓಡಿದೆ. ಅವರು ಪರೀಕ್ಷೆ ಮಾಡಿ, ಬಸುರಲ್ಲ ಎಂದು ನಕ್ಕರು. ಈ ಮಾತ್ರೆಯಿಂದ ಗರ್ಭಕೋಶದ ಒಳಪದರ ತೆಳ್ಳಗಾಗುತ್ತದೆ, ಹೋಗುವುದಕ್ಕೇ ಏನೂ ಇರುವುದಿಲ್ಲ ಎಂದು ವಿವರಿಸಿದರು. ಆಮೇಲೆ ಕಡಿಮೆ ಡೋಸಿನದ್ದು ಕೊಟ್ಟರು. ವಾಂತಿ ನಿಲ್ಲುತ್ತದೆ, ಮೊದಲ ಕೆಲವು ತಿಂಗಳು ನಡುನಡುವೆ ರಕ್ತದ ಕಲೆ ಕಾಣಬಹುದು, ಹೆದರಿ ಬಿಟ್ಟುಬಿಡಬೇಡ ಎಂದರು.

ಹಾಗೇ ಆಯಿತು. ಹತ್ತನೆಯ ದಿನ ಸೀರೆಯಲ್ಲಿ ಕಲೆ. ಅಭ್ಯಾಸಬಲದಿಂದ ಚಾಪೆ ಹಿಡಿದು ಜಗಲಿಗೆ ಹೋದೆ, ಪೆದ್ದಿ! ಅತ್ತೆ ನೋಡಿದವರೇ ಕುಸಿದು ಕೂತು ಅಳತೊಡಗಿದರು. ಮಡಿ ಮೈಲಿಗೆ ಮರೆತು ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ಎಲ್ಲ ಹೇಳಿಬಿಟ್ಟೆ. ನಾನು ಬಸುರಾಗಿರಲೇ ಇಲ್ಲ, ಯಾವ ಮಗುವೂ ಹೋಗಿಲ್ಲ, ಅಳಬೇಡಿ ಎಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಬೈಗುಳ ಖಂಡಿತ ಎಂದು ನಾನು ತಲೆ ತಗ್ಗಿಸಿದೆ.

"ಮಗು ಹೋಯಿತು ಅಂತ ಯಾರು ಅತ್ತದ್ದು ಮಾರಾಯ್ತಿ? ಹೋದ ಸಲದ ಹಾಗೆ ರಕ್ತ ಹೋಗಿ ನೀನೇ ಹೋಗ್ತೀಯಾ ಅಂತ ಅತ್ತದ್ದು. ಇವತ್ತಿನ ಮಾತ್ರೆ ನುಂಗಿದ್ದೀಯಾ?"

ನುಂಗಿರಲಿಲ್ಲ. ಅತ್ತೆಯೇ ಎದ್ದು ನೀರು ತಂದರು.